ಗೀರು ಬಿದ್ದರೂ ಹಾಡುವ ತಟ್ಟೆ

ಹೊಲದ ಬದುವಿನಲ್ಲಿ, ದ್ರಾಕ್ಷಿ ತೋಟದ ತಂತಿಯಲ್ಲಿ ದಾರಕ್ಕೆ ಜೋತುಬಿದ್ದ ಹಳೆಯ ಸಿಡಿಗಳು ಬಿಸಿಲಿಗೆ ಫಳಫಳಿಸುತ್ತ ಹಕ್ಕಿಗಳನ್ನು ಬೆದರಿಸುತ್ತಿರುತ್ತವೆ. ಒಂದು ಕಾಲಕ್ಕೆ ಇದೇ ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಹೊಳೆಯುವ ಮೈಗೆ ಬೆರಳು ತಾಗದಂತೆ ಎತ್ತಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಡಬ್ಬಿಯೊಳಗೆ ಇಡುತ್ತಿದ್ದರು. ಆ ಕಾಲ ಕಂಡವರಿಗೆಲ್ಲ ಅರ್ಧಂಬರ್ಧ ಗೊತ್ತಿರುವ ಒಂದು ಒಗಟಿದೆ. ಮೈತುಂಬ ಗೀರು ಬಿದ್ದು ಮಂಕಾದ ಸಿಡಿಯೊಂದು ಒಂದಕ್ಷರವೂ ತಪ್ಪದೆ ಇಡೀ ಚಿತ್ರದ ಹಾಡುಗಳನ್ನು ಹಾಡಿಬಿಡುತ್ತದೆ. ಇನ್ನೊಂದು ಸಿಡಿ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಹೆಸರು ಬರೆದಿರುವ ಬೆನ್ನಿನ ಮೇಲೆ ಬಾಲ್‌ಪೆನ್ನಿನ ಒಂದು ಒತ್ತುಗೆರೆ ಬಿಟ್ಟರೆ ಬೇರೆ ಕಲೆಯೇ ಇಲ್ಲ. ಅದು ಮೂರನೆಯ ಹಾಡಿಗೇ ತೊದಲಿ ನಿಂತುಬಿಡುತ್ತದೆ. ನಾವು ಜೋಪಾನ ಮಾಡುತ್ತಿದ್ದದ್ದು ಹೊಳೆಯುವ ಮೈಯನ್ನು. ತಟ್ಟೆಗೆ ನೋವಾದದ್ದು ಬೆನ್ನಿನಲ್ಲಿ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, 'ಸಿಡಿ ಡಿಜಿಟಲ್ ಅಲ್ಲವೇ, ಅದಕ್ಕೇ ಗಟ್ಟಿ' ಎಂಬುದು. ಈ ಉತ್ತರ ಅರ್ಧ ತಪ್ಪು ಮಾತ್ರವಲ್ಲ, ತಲೆಕೆಳಗು ಕೂಡ. ಸಿಡಿ ಗಟ್ಟಿಯಾದ ವಸ್ತುವಲ್ಲ. ಅದನ್ನು ರೂಪಿಸಿದವರು ಅದು ಗಟ್ಟಿಯಾಗಿರಲಿ ಎಂದು ಬಯಸಲೂ ಇಲ್ಲ. ತಟ್ಟೆ ಕೆಡುತ್ತದೆ, ಓದುವ ಯಂತ್ರ ತಪ್ಪಾಗಿ ಓದುತ್ತದೆ, ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ ತಪ್ಪುಗಳಿರುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಆ ಒಪ್ಪಿಗೆಯ ಮೇಲೆ ಇಡೀ ವ್ಯವಸ್ಥೆಯನ್ನು ಕಟ್ಟಿದರು. ತಟ್ಟೆಯ ಬಾಳಿಕೆ ಇರುವುದು ಪ್ಲಾಸ್ಟಿಕ್ಕಿನಲ್ಲಲ್ಲ, ಒಂದು ಲೆಕ್ಕದಲ್ಲಿ.

ಮಣೆಯ ಗುಳಿ, ತಟ್ಟೆಯ ಗುಳಿ

ಮೊದಲು ತಟ್ಟೆಯೊಳಗೆ ಏನಿದೆ ನೋಡೋಣ. ಸಿಡಿಯ ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ದಪ್ಪದ ಬಹುತೇಕ ಎಲ್ಲವೂ ಪಾಲಿಕಾರ್ಬನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಈ ಪ್ಲಾಸ್ಟಿಕ್ಕಿನ ಬೆನ್ನಿನಲ್ಲಿ, ಅಂದರೆ ಹೆಸರು ಅಚ್ಚಾಗಿರುವ ಬದಿಯಲ್ಲಿ, ಅಳಗುಳಿ ಮಣೆಯಲ್ಲಿ ಗುಳಿಗಳಿರುವ ಹಾಗೆ ಸಾಲಾಗಿ ಗುಳಿಗಳಿವೆ. ಮಣೆಯಲ್ಲಿ ಹದಿನಾಲ್ಕು ಗುಳಿಗಳಿದ್ದರೆ ಇಲ್ಲಿ ನೂರಾರು ಕೋಟಿ. ಒಂದು ಗುಳಿಯ ಅಗಲ ಸುಮಾರು ಅರ್ಧ ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲು. ಉದ್ದ 0.8ರಿಂದ 3 ಮೈಕ್ರೋಮೀಟರ್‌ವರೆಗೆ ಹೆಚ್ಚುಕಡಿಮೆ ಆಗುತ್ತದೆ. ಗುಳಿಗಳ ಸಾಲು ನಡುವಿನಿಂದ ಹೊರಟು ಅಂಚಿನತ್ತ ಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರೋಮೀಟರ್ ಅಂತರ. ಹೀಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತುಗಳು. ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ 5 ಕಿಲೋಮೀಟರ್ ದಾಟುತ್ತದೆ. ಗುಳಿಗಳ ಮೇಲೆ ಅಲ್ಯೂಮಿನಿಯಂನ ತೀರ ತೆಳುವಾದ ಲೇಪ, ಅದರ ಮೇಲೆ ಮೆರುಗೆಣ್ಣೆಯಂಥ ಒಂದು ಪೊರೆ, ಅದರ ಮೇಲೆ ಹೆಸರಿನ ಅಚ್ಚು. ಇಷ್ಟೇ.

ಓದುವ ಕೆಲಸ ಕಣ್ಣಿಗೆ ಕಾಣದ ಕೆಂಪಾಚೆಯ ಬಣ್ಣದ, 780 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಬೆಳಕಿನದು. ಬೆಳಕು ಕೆಳಗಿನಿಂದ ಪ್ಲಾಸ್ಟಿಕ್ಕನ್ನು ದಾಟಿ ಅಲ್ಯೂಮಿನಿಯಂಗೆ ತಾಗಿ ಹಿಂತಿರುಗುತ್ತದೆ. ಗುಳಿಯ ಆಳ ಪ್ಲಾಸ್ಟಿಕ್ಕಿನೊಳಗಿನ ಬೆಳಕಿನ ಅಲೆಯುದ್ದದ ಹೆಚ್ಚುಕಡಿಮೆ ಕಾಲು ಭಾಗ ಇರುವಂತೆ ಮಾಡಿರುತ್ತಾರೆ. ಹಾಗಾಗಿ ಗುಳಿಯಿಂದ ಮರಳಿದ ಅಲೆಯೂ ಅದರ ಪಕ್ಕದ ಬಯಲಿನಿಂದ ಮರಳಿದ ಅಲೆಯೂ ಒಂದಕ್ಕೊಂದು ಎದುರಾಗಿ ಕುಂದುತ್ತವೆ. ಕೆರೆಯಲ್ಲಿ ಎರಡು ಕಲ್ಲು ಎಸೆದಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕ ಕಡೆ ನೀರು ಅಲುಗದೆ ನಿಲ್ಲುತ್ತದಲ್ಲ, ಹಾಗೆ. ಬಯಲಿನಲ್ಲಿ ಬೆಳಕು ಜೋರು, ಗುಳಿಯಲ್ಲಿ ಮಂಕು. ಗುಳಿ ಎಂದರೆ 0, ಬಯಲು ಎಂದರೆ 1 ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಸರಿಯಲ್ಲ. ಗುಳಿಯ ಅಂಚು, ಅಂದರೆ ಬೆಳಕು ಮಂಕಿನಿಂದ ಜೋರಿಗೋ ಜೋರಿನಿಂದ ಮಂಕಿಗೋ ಹೊರಳುವ ಜಾಗ, ಅದೊಂದೇ 1. ಹೊರಳದೆ ಸಾಗುವ ಉಳಿದ ಹೊತ್ತೆಲ್ಲ, ಗುಳಿಯಲ್ಲಾಗಲಿ ಬಯಲಿನಲ್ಲಾಗಲಿ, 0.

ಕನ್ನಡಕದ ಮೇಲಿನ ಧೂಳು

ಒಗಟಿನ ಮೊದಲ ಅರ್ಧ ಇಲ್ಲೇ ಬಿಡಿಸಿಕೊಳ್ಳುತ್ತದೆ. ಕನ್ನಡಕ ಹಾಕಿಕೊಂಡವರಿಗೆ ಗಾಜಿನ ಮೇಲಿನ ಧೂಳಿನ ಕಣ ಕಾಣುವುದಿಲ್ಲ, ಎದುರು ಕೂತವರಿಗೆ ಕಾಣುತ್ತದೆ. ಕಣ್ಣು ದೂರದ ವಸ್ತುವಿನ ಮೇಲೆ ನೆಟ್ಟಿರುವಾಗ ತೀರ ಹತ್ತಿರದ ಕಣ ಕದಡಿ ಕರಗಿಹೋಗುತ್ತದೆ. ಸಿಡಿಯ ಲೇಸರ್ ಕಣ್ಣು ಕೂಡ ಹಾಗೆಯೇ. ಅದರ ಬೆಳಕು ಹೊಳೆಯುವ ಮೈಯನ್ನು ಹೊಗುವಾಗ ಸುಮಾರು 0.8 ಮಿಲಿಮೀಟರ್ ಅಗಲದ ಚುಕ್ಕೆಯಾಗಿರುತ್ತದೆ. ಪ್ಲಾಸ್ಟಿಕ್ಕಿನೊಳಗೆ ಮೊನಚಾಗುತ್ತ ಹೋಗಿ ಗುಳಿಗಳನ್ನು ತಲಪುವಷ್ಟರಲ್ಲಿ ಒಂದೆರಡು ಮೈಕ್ರೋಮೀಟರಿಗೆ ಇಳಿದಿರುತ್ತದೆ. 0.1 ಮಿಲಿಮೀಟರಿನ ಧೂಳಿನ ಕಣವೊಂದು ಕೆಳಮೈಗೆ ಅಂಟಿದೆ ಎನ್ನಿ. ಅದು ತಡೆಯುವುದು ಬೆಳಕಿನ ಅರವತ್ತನಾಲ್ಕನೆಯ ಒಂದು ಪಾಲನ್ನು ಮಾತ್ರ. ಓದುವ ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅದೇ ಕಣ ಗುಳಿಗಳ ಮೇಲೇ ಕೂತಿದ್ದರೆ ಅರವತ್ತು ಸುತ್ತುಗಳನ್ನು ಒಟ್ಟಿಗೆ ಮುಚ್ಚಿಬಿಡುತ್ತಿತ್ತು.

ಅಂದರೆ ಆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಇರುವುದು ಗುಳಿಗಳನ್ನು ಹೊರುವುದಕ್ಕಷ್ಟೇ ಅಲ್ಲ, ಕೊಳೆಯನ್ನು ಗುಳಿಗಳಿಂದ ದೂರ ಇಡುವುದಕ್ಕೂ. ಬೆನ್ನಿನ ಕಡೆ ಈ ದೂರ ಇಲ್ಲ. ಅಲ್ಲಿ ಅಲ್ಯೂಮಿನಿಯಂಗೂ ನಿಮ್ಮ ಬಾಲ್‌ಪೆನ್ನಿಗೂ ನಡುವೆ ಇರುವುದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಪೊರೆ. ಪೆನ್ನಿನ ಮೊನೆ ಒತ್ತಿದರೆ ಲೇಪ ಹರಿಯುತ್ತದೆ, ಬೆಳಕನ್ನು ಮರಳಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಹೊಳೆಯುವ ಮೈ ಕೆಳಗಾಗಬಾರದೆಂದು ಬೆನ್ನು ಕೆಳಗೆ ಮಾಡಿ ಮೇಜಿನ ಮೇಲೆ ಉಜ್ಜಿ ಇಡುತ್ತಿದ್ದವರು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ ಮಾಡುತ್ತಿದ್ದರು.

ಆದರೆ ಗಾಜಿನ ಧೂಳಿನ ಈ ಉಪಾಯ ಒಂದೇ ಸಾಲದು. ಇದಕ್ಕೆ ಸಾಕ್ಷಿ ಸಿಡಿಗಿಂತ ಮುಂಚೆ, 1978ರ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂದ ಲೇಸರ್‌ಡಿಸ್ಕ್ ಎಂಬ ಚಲನಚಿತ್ರ ತಟ್ಟೆ. 30 ಸೆಂಟಿಮೀಟರ್ ಅಗಲದ ಆ ತಟ್ಟೆಯಲ್ಲಿಯೂ ಗುಳಿಗಳಿದ್ದವು, ಲೇಸರ್ ಇತ್ತು, ಬೆಳಕು ಪಾರದರ್ಶಕ ಪದರವನ್ನು ದಾಟಿಯೇ ಓದುತ್ತಿತ್ತು. ಆದರೂ ಅದರ ಚಿತ್ರದಲ್ಲಿ ದೋಷಗಳು ಬಿಳಿ ಚುಕ್ಕೆ, ಗೆರೆಗಳಾಗಿ ಮಿನುಗುತ್ತಿದ್ದವು. ಅದರಲ್ಲಿ ಚಿತ್ರವನ್ನು ಅಂಕಿಗಳಾಗಿ ಬರೆದಿರಲಿಲ್ಲ, ಗುಳಿಗಳ ಉದ್ದದ ಏರಿಳಿತವಾಗಿ ಬರೆದಿದ್ದರು. ಕೆಟ್ಟದ್ದನ್ನು ತಿದ್ದಲು ಅಲ್ಲಿ ದಾರಿಯೇ ಇರಲಿಲ್ಲ.

ಅಂಕಿ ಎಂದರೆ ಗಟ್ಟಿಯೇ?

'ಹಾಗಾದರೆ ಅಂಕಿಗಳಾಗಿ ಬರೆದದ್ದೇ ಸಿಡಿಯನ್ನು ಉಳಿಸಿತು' ಎಂದು ಯಾರಾದರೂ ಇಲ್ಲಿ ಹೇಳಬಹುದು. ಸೊನ್ನೆ, ಒಂದು, ಎರಡೇ ಗುರುತು. ನಡುವೆ ಗೊಂದಲಕ್ಕೆ ಎಡೆಯಿಲ್ಲ. ಮಾತು ನಿಜ, ಆದರೆ ಗುರುತು ಸರಿಯಾಗಿ ಕಂಡಾಗ ಮಾತ್ರ. ಕಾಣದೆ ಹೋದಾಗ ಏನಾಗುತ್ತದೆ ಎಂದು ಕೇಳಿದರೆ ಅಂಕಿಯ ಬರಹ ಹಳೆಯ ಗ್ರಾಮಫೋನ್ ತಟ್ಟೆಗಿಂತ ಎಷ್ಟೋ ಪಾಲು ನಾಜೂಕು ಎಂಬುದು ಹೊರಬೀಳುತ್ತದೆ. ಗ್ರಾಮಫೋನ್ ತಟ್ಟೆಯಲ್ಲಿ ಗೀರು ಬಿದ್ದರೆ 'ಟಕ್' ಎಂಬ ಸದ್ದು ಬಂದು ಹಾಡು ಮುಂದುವರಿಯುತ್ತದೆ. ಗಾಯ ಸಣ್ಣದಾದರೆ ಸದ್ದೂ ಸಣ್ಣದು. ಅಂಕಿಯಲ್ಲಿ ಈ ಅನುಪಾತ ಇಲ್ಲ. ಲೆಕ್ಕದ ಪುಸ್ತಕದಲ್ಲಿ 10,251 ರೂಪಾಯಿ ಎಂದಿರುವಲ್ಲಿ ಕೊನೆಯ 1 ಮಾಸಿ 7ರಂತೆ ಕಂಡರೆ ಆರು ರೂಪಾಯಿ ವ್ಯತ್ಯಾಸ. ಮೊದಲ 1 ಮಾಸಿ 7ರಂತೆ ಕಂಡರೆ ಅರವತ್ತು ಸಾವಿರ. ಎರಡೂ ಕಡೆ ಮಾಸಿದ್ದು ಒಂದೇ ಅಕ್ಷರದಷ್ಟು ಶಾಯಿ.

ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಸೊನ್ನೆ-ಒಂದುಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡು ಕಿವಿಗೂ ಸೇರಿ ಸೆಕೆಂಡಿಗೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಗುರುತುಗಳು. ಒಂದು ಅಳತೆಯ ಹದಿನಾರರಲ್ಲಿ ಕೊನೆಯದು ತಿರುವುಮುರುವಾದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ. ಮೊದಲನೆಯದು ತಿರುವುಮುರುವಾದರೆ ತಂಬೂರಿಯ ಶ್ರುತಿಯ ನಡುವೆ ಪಟಾಕಿ ಹೊಡೆದಂತೆ ಕೇಳುತ್ತದೆ. ತಿದ್ದುವ ಏರ್ಪಾಡಿಲ್ಲದೆ ಬರಿಯ ಅಂಕಿಗಳನ್ನು ತಟ್ಟೆಗೆ ಇಳಿಸಿದ್ದರೆ ಸಿಡಿಯನ್ನು ಒಂದು ವಾರವೂ ಯಾರೂ ಸಹಿಸುತ್ತಿರಲಿಲ್ಲ. ಅಂಕಿಯ ನಿಜವಾದ ಗುಣ ಗಟ್ಟಿತನವಲ್ಲ. ಅಂಕಿಗಳ ಮೇಲೆ ಲೆಕ್ಕ ಮಾಡಬಹುದು, ಆ ಲೆಕ್ಕದಿಂದ ಕಳೆದುಹೋದದ್ದನ್ನು ಮತ್ತೆ ಹುಟ್ಟಿಸಬಹುದು. ಗ್ರಾಮಫೋನಿನ ಗೆರೆಯ ಮೇಲೆ ಇಂಥ ಲೆಕ್ಕ ಸಾಗದು.

ರಂಗೋಲಿಯ ಚುಕ್ಕಿ ಸಾಲು

ಕಳೆದದ್ದನ್ನು ಹುಟ್ಟಿಸುವುದು ಹೇಗೆ? ಸುಲಭವಾಗಿ ಹೊಳೆಯುವ ದಾರಿ, ಪ್ರತಿಯೊಂದನ್ನೂ ಮೂರು ಸಲ ಬರೆದಿಟ್ಟು ಎರಡು ಹೇಳಿದ್ದನ್ನು ನಂಬುವುದು. ಆದರೆ ಇದಕ್ಕೆ ಮೂರು ತಟ್ಟೆಯ ಜಾಗ ಬೇಕು. ಅಷ್ಟು ಜಾಗ ತೆತ್ತರೂ ಮೂರರಲ್ಲಿ ಎರಡು ಕೆಟ್ಟರೆ ದಿಕ್ಕಿಲ್ಲ. ಇದಕ್ಕಿಂತ ಜಾಣತನದ ದಾರಿಯನ್ನು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಐದೇ ಪುಟಗಳ ಒಂದು ಪ್ರಬಂಧದಲ್ಲಿ ಬರೆದಿದ್ದರು. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ಅವರು ಅದನ್ನು ಬರೆದಾಗ ಲೇಸರ್ ಆಗಷ್ಟೇ ಕಣ್ಣು ಬಿಡುತ್ತಿತ್ತು, ಸಿಡಿಯ ಕಲ್ಪನೆಯೂ ಇರಲಿಲ್ಲ.

ಅವರ ಲೆಕ್ಕದ ತಿರುಳು ರಂಗೋಲಿಯ ಚುಕ್ಕಿ ಸಾಲಿನಲ್ಲಿದೆ. ಸಮ ಅಂತರದಲ್ಲಿ ನೇರವಾಗಿ ಇಟ್ಟ ಚುಕ್ಕಿಗಳಲ್ಲಿ ಒಂದನ್ನು ಯಾರೋ ತುಳಿದು ಅಳಿಸಿದರೆ ಅದು ಎಲ್ಲಿತ್ತು ಎಂದು ಕೇಳಬೇಕಿಲ್ಲ. ಉಳಿದವುಗಳನ್ನು ನೋಡಿಯೇ ಇಡಬಹುದು. ನಮಗೆ ಕಾಪಾಡಬೇಕಾದ ಸಂಖ್ಯೆಗಳು 3 ಮತ್ತು 5 ಎನ್ನಿ. ಅವೆರಡರ ನಡುವಿನ ಹೆಜ್ಜೆ 2. ಅದೇ ಹೆಜ್ಜೆಯಲ್ಲಿ ಮುಂದುವರಿದು 7, 9 ಎಂಬ ಎರಡು ಸಂಖ್ಯೆಗಳನ್ನು ಸೇರಿಸಿ 3, 5, 7, 9 ಎಂದು ಬರೆದಿಡೋಣ. ಕೊನೆಯ ಎರಡು ಹೊಸ ಮಾಹಿತಿ ಏನನ್ನೂ ಹೇಳುವುದಿಲ್ಲ. ಅವು ಕಾವಲು ಅಂಕಿಗಳು. ಈಗ ನಡುವಿನ ಎರಡೂ ಅಳಿಸಿಹೋಗಿ 3, –, –, 9 ಎಂದು ಉಳಿಯಲಿ. ಮೂರು ಹೆಜ್ಜೆಗೆ ಆರು ಏರಿದೆ, ಹೆಜ್ಜೆಗೆ ಎರಡು, ಅಂದಮೇಲೆ ಕಳೆದದ್ದು 5 ಮತ್ತು 7. ಇನ್ನೊಂದು ಬಗೆಯ ಕೇಡು ಇದಕ್ಕಿಂತ ಮೋಸದ್ದು. ಏನೂ ಅಳಿಸಿಲ್ಲ, ಆದರೆ ಒಂದು ಸಂಖ್ಯೆ ಸುಳ್ಳಾಗಿದೆ: 3, 6, 7, 9. ಯಾವುದು ಸುಳ್ಳು ಎಂದು ಯಾರೂ ಹೇಳಿಲ್ಲ. ಆದರೂ 3, 7, 9 ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ, 6 ಮಾತ್ರ ಸಾಲು ತಪ್ಪಿದೆ. ಬೇರೆ ಯಾವ ಮೂರನ್ನು ಆರಿಸಿದರೂ ಸಾಲು ಕೂಡುವುದಿಲ್ಲ. ಎರಡು ಕಾವಲು ಅಂಕಿಗಳಿಂದ ಎರಡು ನಷ್ಟಗಳನ್ನು ತುಂಬಬಹುದು, ಅಥವಾ ಒಂದು ಸುಳ್ಳನ್ನು ಹಿಡಿದು ತಿದ್ದಬಹುದು. ಎಲ್ಲಿ ಕೆಟ್ಟಿದೆ ಎಂದು ಮೊದಲೇ ಗೊತ್ತಿದ್ದರೆ ಕಾವಲಿನ ಬಲ ಇಮ್ಮಡಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರೀಡ್ ಮತ್ತು ಸಾಲೊಮನ್ ನೇರ ಸಾಲಿನ ಬದಲು ಬಾಗಿದ ಗೆರೆಗಳನ್ನು ಬಳಸಿದರು, ಸಂಖ್ಯೆಗಳು ಒಂದು ಮಿತಿಯನ್ನು ದಾಟಿ ಬೆಳೆಯದಂಥ ವಿಶೇಷ ಗಣಿತದಲ್ಲಿ ಲೆಕ್ಕ ಮಾಡಿದರು. ಉಳಿದಂತೆ ಉಪಾಯ ಇದೇ. ಇದನ್ನು ಯಂತ್ರವೊಂದು ಬೇಗಬೇಗ ಮಾಡಬಲ್ಲದು ಎಂಬ ಸ್ಥಿತಿ ಬರುವುದಕ್ಕೆ ಇನ್ನೂ ವರ್ಷಗಳು ಬೇಕಾದವು. ಯುರೇನಸ್ ಗ್ರಹದ ಬಳಿಯಿಂದ 1986ರಲ್ಲಿ ವಾಯೇಜರ್-2 ನೌಕೆ ಕಳಿಸಿದ ಚಿತ್ರಗಳು ಭೂಮಿಗೆ ಮುಟ್ಟಿದ್ದು ಇದೇ ಲೆಕ್ಕದ ಕಾವಲಿನಲ್ಲಿ. ಅದೇ ನೌಕೆಯ ಮೈಗೆ ಅಂಟಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಇದೆ. ಕನ್ನಡದ ದನಿ ಹೋದದ್ದು ಹಳೆಯ ಗೆರೆಯಲ್ಲಿ, ಚಿತ್ರ ಬಂದದ್ದು ಹೊಸ ಲೆಕ್ಕದಲ್ಲಿ.

ಸಂತೆ ಚೀಟಿಯ ಮೇಲೆ ನೀರು

ಆದರೆ ಗೀರಿಗೆ ಒಂದು ಕೆಟ್ಟ ಗುಣವಿದೆ. ಅದು ಅಲ್ಲೊಂದು ಇಲ್ಲೊಂದು ಅಂಕಿಯನ್ನು ತಿನ್ನುವುದಿಲ್ಲ. ಒಂದೇ ಕಡೆ ಸಾಲುಸಾಲಾಗಿ ಸಾವಿರಾರನ್ನು ನುಂಗುತ್ತದೆ. ರಂಗೋಲಿಯ ಒಂದೆರಡು ಚುಕ್ಕಿ ಅಳಿಸಿದರೆ ಸರಿ, ದನ ಬಂದು ಇಡೀ ಸಾಲಿನ ಮೇಲೆ ಮಲಗಿಬಿಟ್ಟರೆ ಯಾವ ಲೆಕ್ಕವೂ ನಡೆಯದು. ಇಲ್ಲಿ ಎರಡನೆಯ ಉಪಾಯ ಬರುತ್ತದೆ. ನನ್ನ ಮಟ್ಟಿಗೆ ಸಿಡಿಯ ಇಡೀ ಕತೆಯಲ್ಲಿ ಅತ್ಯಂತ ಚೆಲುವಾದದ್ದು ಇದು. ಇಂಜಿನಿಯರುಗಳು ಇದನ್ನು ಇಂಟರ್‌ಲೀವಿಂಗ್ ಎನ್ನುತ್ತಾರೆ. ನಾವು ಹೆಣಿಗೆ ಎನ್ನೋಣ.

ಸಂತೆಗೆ ಹೊರಟವರ ಕೈಯಲ್ಲಿ ಒಂದು ಚೀಟಿ ಇದೆ: ತೆಂಗಿನಕಾಯಿ, ಬದನೆಕಾಯಿ, ಹುರಿಗಡಲೆ, ಕಡಲೆಪುರಿ. ಪ್ರತಿ ಪದಕ್ಕೂ ಐದೈದು ಅಕ್ಷರ. ಒಂದು ಹನಿ ನೀರು ಬಿದ್ದು ಸಾಲಾಗಿ ನಾಲ್ಕು ಅಕ್ಷರ ಅಳಿಸಿತು. ಆ ಹನಿ ಎರಡನೆಯ ಪದದ ಮೇಲೆ ಬಿದ್ದರೆ ಉಳಿಯುವುದು 'ಯಿ' ಒಂದೇ. ಅದು ಯಾವ ಕಾಯಿಯದೋ, ಯಾರು ಬಲ್ಲರು? ಈಗ ಅದೇ ಚೀಟಿಯನ್ನು ಬೇರೆ ಬಗೆಯಲ್ಲಿ ಬರೆಯೋಣ. ಮೊದಲು ನಾಲ್ಕೂ ಪದಗಳ ಮೊದಲ ಅಕ್ಷರಗಳು, ಆಮೇಲೆ ಎರಡನೆಯವು, ಹೀಗೆ:

ತೆಂ ಬ ಹು ಕ – ಗಿ ದ ರಿ ಡ – ನ ನೆ ಗ ಲೆ – ಕಾ ಕಾ ಡ ಪು – ಯಿ ಯಿ ಲೆ ರಿ

ನೋಡಿದರೆ ಮಂತ್ರದ ಹಾಗಿದೆ. ಇದರ ನಡುವಿಗೆ ಅದೇ ಹನಿ ಬಿದ್ದು 'ನ ನೆ ಗ ಲೆ' ಅಳಿಸಿಹೋಗಲಿ. ಅಂಗಡಿಯಲ್ಲಿ ನಿಂತು ಅಕ್ಷರಗಳನ್ನು ಮತ್ತೆ ಅವುಗಳ ಮನೆಗೆ ಕಳಿಸಿದರೆ ಸಿಗುವುದು: ತೆಂಗಿ–ಕಾಯಿ, ಬದ–ಕಾಯಿ, ಹುರಿ–ಡಲೆ, ಕಡ–ಪುರಿ. ಕನ್ನಡ ಬಲ್ಲ ಯಾರು ಬೇಕಾದರೂ ಇದನ್ನು ಓದಿ ಮುಗಿಸುತ್ತಾರೆ. ಅಳಿಸಿದ ಅಕ್ಷರಗಳು ಆಗಲೂ ನಾಲ್ಕು, ಈಗಲೂ ನಾಲ್ಕು. ನಷ್ಟ ಕಡಿಮೆಯಾಗಲಿಲ್ಲ, ಹಂಚಿಹೋಯಿತು ಅಷ್ಟೆ. ಒಂದು ಮನೆಗೆ ಬರಬೇಕಿದ್ದ ದೊಡ್ಡ ಸಾಲ ನಾಲ್ಕು ಮನೆಗಳ ಸಣ್ಣ ಕೈಗಡವಾಯಿತು.

ಸಿಡಿಯಲ್ಲಿ ಇದರ ಅಳತೆಗಳು ಹೀಗಿವೆ. ಎಂಟೆಂಟು ಗುರುತುಗಳಾಗಿ ಸೀಳಿದ ಧ್ವನಿಯ 24 ಸಂಖ್ಯೆಗಳಿಗೆ ಮೊದಲು ನಾಲ್ಕು ಕಾವಲು ಅಂಕಿಗಳನ್ನು ಸೇರಿಸಿ 28ರ ಒಂದು ಕುಟುಂಬ ಮಾಡುತ್ತಾರೆ. ಈ 28 ಮಂದಿಯನ್ನು ಒಂದೇ ಬಸ್ಸಿನಲ್ಲಿ ಕೂರಿಸುವುದಿಲ್ಲ. ತಟ್ಟೆಯ ಮೇಲೆ ಸಾಲಾಗಿ ಬರುವ ಕಂತೆಗಳಲ್ಲಿ ನಾಲ್ಕು ಕಂತೆಗೆ ಒಬ್ಬರಂತೆ ಚದುರಿಸುತ್ತಾರೆ. ಒಂದು ಕಂತೆಯ ಉದ್ದ ಸುಮಾರು 0.16 ಮಿಲಿಮೀಟರ್. ಹಾಗಾಗಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಂತರ, ಇಡೀ ಕುಟುಂಬದ ಹರಹು ಹದಿನೇಳು ಹದಿನೆಂಟು ಮಿಲಿಮೀಟರ್. ಹೀಗೆ ಬೇರೆಬೇರೆ ಕುಟುಂಬಗಳವರು ಕೂಡಿದ ಪ್ರತಿ ಕಂತೆಗೂ ಮತ್ತೆ ನಾಲ್ಕು ಕಾವಲು ಅಂಕಿಗಳು, ಒಟ್ಟು 32. ಓದುವಾಗ ಮೊದಲ ಕಾವಲು ಕಂತೆಯೊಳಗಿನ ಸಣ್ಣಪುಟ್ಟ ಸುಳ್ಳುಗಳನ್ನು ಅಲ್ಲೇ ತಿದ್ದುತ್ತದೆ. ಕೈಮೀರಿದ್ದು ಎನಿಸಿದರೆ ಇಡೀ ಕಂತೆಗೆ 'ಇದನ್ನು ನಂಬಬೇಡ' ಎಂಬ ಚೀಟಿ ಅಂಟಿಸಿ ಮುಂದೆ ಕಳಿಸುತ್ತದೆ. ಎಲ್ಲಿ ಕೆಟ್ಟಿದೆ ಎಂದು ಗೊತ್ತಿದ್ದರೆ ಕಾವಲಿನ ಬಲ ಇಮ್ಮಡಿ ಎಂದೆವಲ್ಲ, ಎರಡನೆಯ ಕಾವಲಿಗೆ ಈ ಚೀಟಿ ಒದಗಿಸುವುದು ಆ ಬಲವನ್ನೇ. ಎರಡೂವರೆ ಮಿಲಿಮೀಟರ್ ಉದ್ದದ ಗೀರೊಂದು ಸಾಲಿನ ಉದ್ದಕ್ಕೂ ಎಲ್ಲವನ್ನೂ ಅಳಿಸಿದರೂ ಯಾವುದೇ ಒಂದು ಕುಟುಂಬದಲ್ಲಿ ಕಾಣೆಯಾಗುವವರು ನಾಲ್ಕೇ ಮಂದಿ. ಕಾವಲಿರುವವರೂ ನಾಲ್ಕು. ಸುಮಾರು ನಾಲ್ಕು ಸಾವಿರ ಗುರುತುಗಳು ಒಟ್ಟಿಗೆ ಹೋದರೂ ಹಾಡಿನಲ್ಲಿ ಒಂದು ಎಳೆಯೂ ಕಡಿಮೆಯಾಗುವುದಿಲ್ಲ. ಗೀರು ಇನ್ನೂ ಉದ್ದವಾದರೆ, ಏಳು ಮಿಲಿಮೀಟರಿನವರೆಗೆ, ಯಂತ್ರ ತಿದ್ದಲಾರದು. ಆದರೆ ಹಿಂದುಮುಂದಿನ ಅಳತೆಗಳನ್ನು ನೋಡಿ ನಡುವಿನದನ್ನು ಊಹಿಸಿ ತೇಪೆ ಹಾಕುತ್ತದೆ. ಕಿವಿಗೆ ಸಾಮಾನ್ಯವಾಗಿ ಆ ಮೋಸ ಗೊತ್ತಾಗುವುದಿಲ್ಲ.

ಇಷ್ಟೊಂದು ಜಾಗ ದಂಡವೇ?

ಜಿಪುಣರ ಆಕ್ಷೇಪ ಒಂದಿದೆ. ಸಂಗೀತಕ್ಕೆ ಇಡಬಹುದಾದ ಜಾಗವನ್ನೆಲ್ಲ ಕಾವಲುಗಾರರಿಗೆ ಕೊಟ್ಟರೆ ಏನು ಬಂತು? ನಿಜವಾದ ಲೆಕ್ಕ ಅವರು ಅಂದುಕೊಂಡದ್ದಕ್ಕಿಂತಲೂ ದುಬಾರಿ. ಒಂದು ಕಂತೆಗೆ ತಟ್ಟೆಯ ಮೇಲೆ 588 ಗುರುತುಗಳ ಜಾಗ ಹಿಡಿಯುತ್ತದೆ. ಅದರಲ್ಲಿ ಸಂಗೀತ 192 ಮಾತ್ರ, ಮೂರರಲ್ಲಿ ಒಂದು ಪಾಲು. ಕಾವಲು ಅಂಕಿಗಳು ತಿನ್ನುವುದು ಇದರಲ್ಲಿ ಸ್ವಲ್ಪವೇ. ಹೆಚ್ಚಿನದು ಹೋಗುವುದು ಛಂದಸ್ಸಿಗೆ. ಹೌದು, ಛಂದಸ್ಸಿಗೆ. ಕಂದಪದ್ಯದಲ್ಲಿ ವಿಷಮ ಸ್ಥಾನದಲ್ಲಿ ಜಗಣ ಬರಕೂಡದು ಎಂಬ ನಿಯಮವಿರುವ ಹಾಗೆ ಗುಳಿಗಳ ಸಾಲಿಗೂ ನಿಯಮವಿದೆ. ಎರಡು 1ಗಳ ನಡುವೆ ಕನಿಷ್ಠ ಎರಡು, ಗರಿಷ್ಠ ಹತ್ತು ಸೊನ್ನೆಗಳಿರಬೇಕು. ಅದಕ್ಕಿಂತ ಒತ್ತಾದರೆ ಗುಳಿ ತೀರ ಗಿಡ್ಡವಾಗಿ ಲೇಸರ್ ಕಣ್ಣಿಗೆ ಕಾಣದು. ಅದಕ್ಕಿಂತ ವಿರಳವಾದರೆ ಯಂತ್ರದ ತಾಳ ತಪ್ಪುತ್ತದೆ. ಎಂಟು ಗುರುತುಗಳ ಸಂಖ್ಯೆಯನ್ನು ಇದ್ದಂತೆಯೇ ಬರೆದರೆ ಈ ನಿಯಮ ಮುರಿಯುತ್ತದೆ. ಅದಕ್ಕೆ ಪ್ರತಿ ಎಂಟನ್ನೂ ಹದಿನಾಲ್ಕಕ್ಕೆ ಹಿಗ್ಗಿಸುತ್ತಾರೆ. ಹದಿನಾಲ್ಕು ಗುರುತುಗಳಲ್ಲಿ ಸಾಧ್ಯವಿರುವ 16,384 ವಿನ್ಯಾಸಗಳಲ್ಲಿ ನಿಯಮಕ್ಕೆ ಒಗ್ಗುವವು 267. ಬೇಕಾದದ್ದು 256. ಫಿಲಿಪ್ಸ್ ಕಂಪನಿಯಲ್ಲಿದ್ದ ಡಚ್ ಇಂಜಿನಿಯರ್ ಕೀಸ್ ಇಮ್ಮಿಂಕ್ ಈ ಛಂದಸ್ಸನ್ನು ಹೊಸೆದರು. ತಪ್ಪು ತಿದ್ದುವ ಹೆಣಿಗೆಯಲ್ಲಿ ಜಪಾನಿನ ಸೋನಿಯವರ ಕೈ ದೊಡ್ಡದು. ಎರಡೂ ಕಂಪನಿಗಳು ಕೂತು 1980ರಲ್ಲಿ ಒಪ್ಪಿದ ನಿಯಮಾವಳಿಯಂತೆ ಮೊದಲ ಸಿಡಿ ಯಂತ್ರ 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು.

ಮೂರರಲ್ಲಿ ಎರಡು ಪಾಲು ಬಿಟ್ಟುಕೊಟ್ಟು ಅವರು ಗಳಿಸಿದ್ದೇನು? ಅಗ್ಗದ ತಟ್ಟೆ. ನಿಯಮಾವಳಿಯ ಪ್ರಕಾರ ಕಾರ್ಖಾನೆಯಿಂದ ಹೊರಬಂದ ಹೊಚ್ಚಹೊಸ ಸಿಡಿಯಲ್ಲಿ ಸೆಕೆಂಡಿಗೆ ಓದುವ 7,350 ಕಂತೆಗಳ ಪೈಕಿ 220ರವರೆಗೆ ದೋಷವುಳ್ಳವಾಗಿರಬಹುದು. ನೂರಕ್ಕೆ ಮೂರು! ಒಂದೂ ತಪ್ಪಿಲ್ಲದ ತಟ್ಟೆಯೇ ಬೇಕು ಎಂದು ಹಟ ಹಿಡಿದಿದ್ದರೆ ಅದನ್ನು ಪ್ರಯೋಗಾಲಯದಲ್ಲಿ ಮಾಡಬೇಕಾಗುತ್ತಿತ್ತು, ಬೆಲೆ ಆಭರಣದಷ್ಟಾಗುತ್ತಿತ್ತು. ತಪ್ಪನ್ನು ಒಪ್ಪಿಕೊಂಡದ್ದರಿಂದ ತಟ್ಟೆಯನ್ನು ಬಿಸಿ ಪ್ಲಾಸ್ಟಿಕ್ ಅಚ್ಚಿಗೆ ಒತ್ತಿ ಬಕೆಟ್ಟು, ಮಗ್ಗುಗಳನ್ನು ತೆಗೆಯುವ ಹಾಗೆ ಕೆಲವೇ ಸೆಕೆಂಡಿನಲ್ಲಿ ತೆಗೆಯಬಹುದಾಯಿತು. ಜಾಗ ದಂಡವಾದದ್ದಲ್ಲ, ನಿಖರತೆಯ ಬದಲು ಜಾಗ ತೆತ್ತರು. ಅದು ಒಳ್ಳೆಯ ವ್ಯಾಪಾರ.

ಕಂಪ್ಯೂಟರಿನ ಕಡತಗಳನ್ನು ಇದೇ ತಟ್ಟೆಗೆ ಹಾಕಲು ಹೊರಟಾಗ ಈ ವ್ಯಾಪಾರವನ್ನು ಇನ್ನಷ್ಟು ಬಿಗಿ ಮಾಡಬೇಕಾಯಿತು. ಹಾಡಿಗೆ ಊಹೆಯ ತೇಪೆ ನಡೆಯುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಹಿಂದುಮುಂದಿನ ಮೊತ್ತ ನೋಡಿ ನಡುವಿನದನ್ನು ಊಹಿಸಿದರೆ ನಡೆಯುತ್ತದೆಯೇ? ಹಾಗಾಗಿ ಮೂರನೆಯ ಕಾವಲೊಂದು ಬಂತು. 74 ನಿಮಿಷದ ತಟ್ಟೆಯಲ್ಲಿ ಸಂಗೀತವಾದರೆ 78 ಕೋಟಿ ಬೈಟುಗಳು ಹಿಡಿಸುತ್ತವೆ. ಅದೇ ತಟ್ಟೆಯಲ್ಲಿ ಕಡತಗಳಾದರೆ 68 ಕೋಟಿ. ನಡುವಿನ ಹತ್ತು ಕೋಟಿಯ ಬಹುಪಾಲು ಆ ಮೂರನೆಯ ಕಾವಲಿನ ಸಂಬಳ.

ಹಾಗಾದರೆ ತಟ್ಟೆ ಮುಗ್ಗರಿಸುವುದೇಕೆ?

ಲೆಕ್ಕ ಇಷ್ಟು ಗಟ್ಟಿಯಾಗಿದ್ದರೆ 'ಕಚ್‌ಕಚ್‌ಕಚ್' ಎಂದು ಒಂದೇ ಕಡೆ ನಿಂತುಬಿಡುವ ಸಿಡಿಗಳು ಏಕಿದ್ದವು? ನ್ಯಾಯವಾದ ಪ್ರಶ್ನೆ. ಉತ್ತರ ಗೀರಿನ ದಿಕ್ಕಿನಲ್ಲಿದೆ. ನಡುವಿನಿಂದ ಅಂಚಿಗೆ, ಚಕ್ರದ ಅರದ ಹಾಗೆ ಬಿದ್ದ ಗೀರು ಸಾವಿರಾರು ಸುತ್ತುಗಳನ್ನು ಕೊಯ್ದರೂ ಒಂದೊಂದು ಸುತ್ತಿನಲ್ಲಿ ತಿನ್ನುವುದು ತನ್ನ ಅಗಲದಷ್ಟು, ಮಿಲಿಮೀಟರಿನ ಒಂದು ಭಾಗವನ್ನು. ಹೆಣಿಗೆಗೆ ಅದು ಲೆಕ್ಕವೇ ಅಲ್ಲ. ಸುತ್ತಿನ ಗುಂಟ ಬಾಗಿ ಬಿದ್ದ ಗೀರು ಚಿಕ್ಕದಾದರೂ ಒಂದೇ ಸುತ್ತಿನ ಹತ್ತು ಹದಿನೈದು ಮಿಲಿಮೀಟರನ್ನು ಒಟ್ಟಿಗೆ ನುಂಗುತ್ತದೆ. ಕುಟುಂಬದ ಅರ್ಧ ಮಂದಿ ಒಂದೇ ಅಪಘಾತದಲ್ಲಿ ಹೋದಂತೆ. ಜೊತೆಗೆ ಇನ್ನೊಂದು ತೊಂದರೆ. ಲೇಸರ್ ಕಣ್ಣಿಗೆ ಗ್ರಾಮಫೋನಿನ ಮುಳ್ಳಿಗೆ ಇರುವಂತೆ ಕೂರಲು ಕಾಲುವೆ ಇಲ್ಲ. ಮರಳುವ ಬೆಳಕು ಎಡಕ್ಕೆ ಹೆಚ್ಚೋ ಬಲಕ್ಕೆ ಹೆಚ್ಚೋ ನೋಡುತ್ತ ಅದು ಸಾಲಿನ ಮೇಲೆ ನಡೆಯಬೇಕು. ದೊಡ್ಡ ಗೀರು ಅದರ ದಾರಿಯನ್ನೇ ತಪ್ಪಿಸಿ ಪಕ್ಕದ ಸುತ್ತಿಗೆ ಬೀಳಿಸುತ್ತದೆ. ತಿದ್ದುವ ಲೆಕ್ಕ ಇರುವುದು ಓದಿದ್ದರಲ್ಲಿ ತಪ್ಪಾದರೆ. ಪುಟವೇ ಮಗುಚಿಹೋದರೆ ಅದು ಏನು ಮಾಡೀತು?

ಸಿಡಿ ಒರೆಸುವ ಸರಿಯಾದ ಬಗೆ ಇದರಿಂದಲೇ ಹುಟ್ಟುತ್ತದೆ. ಗ್ರಾಮಫೋನ್ ತಟ್ಟೆಯನ್ನು ಗೆರೆಯ ಗುಂಟ ಸುತ್ತಲೂ ಒರೆಸುವುದು ರೂಢಿ. ಸಿಡಿಯನ್ನು ಹಾಗೆ ಒರೆಸಿದರೆ ಬಟ್ಟೆಯ ಕಸರು ಎಳೆಯುವ ಗೀರು ಅತ್ಯಂತ ಕೆಟ್ಟ ದಿಕ್ಕಿಗೇ ಬೀಳುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಗೀರಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಉಜ್ಜುತ್ತಿದ್ದವರೂ ಪೂರ್ತಿ ಹುಚ್ಚರಲ್ಲ. ಗೀರಿನ ಚೂಪು ಅಂಚು ಬೆಳಕನ್ನು ಅಡ್ಡದಾರಿಗೆ ಎಳೆಯುತ್ತದೆ, ಉಜ್ಜಿದರೆ ಅಂಚು ಸವೆದು ಮೊಂಡಾಗುತ್ತದೆ. ಹೊಳೆಯುವ ಮೈಯ ಗೀರಿಗೆ ಮಾತ್ರ ಈ ಮದ್ದು.

ಕಾವಲು ಹೋದಲ್ಲಿ

ತಟ್ಟೆಯ ರಕ್ಷಣೆ ನಿಜಕ್ಕೂ ಲೆಕ್ಕದಲ್ಲಿದೆಯೇ ಎಂಬುದಕ್ಕೆ ಒಳ್ಳೆಯ ಪರೀಕ್ಷೆ, ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆಯನ್ನು ಕಿತ್ತುಕೊಂಡು ನೋಡುವುದು. ಬ್ಲೂ-ರೇ ತಟ್ಟೆಯಲ್ಲಿ ಆದದ್ದು ಅದೇ. ಹೆಚ್ಚು ಹಿಡಿಸಬೇಕಾದರೆ ಗುಳಿ ಕಿರಿದಾಗಬೇಕು, ಕಿರಿದನ್ನು ಕಾಣಲು ಬೆಳಕಿನ ಅಲೆ ಕಿರಿದಾಗಬೇಕು. ಸಿಡಿಯ 780 ನ್ಯಾನೋಮೀಟರ್ ಡಿವಿಡಿಯಲ್ಲಿ 650ಕ್ಕೆ ಇಳಿಯಿತು, ಬ್ಲೂ-ರೇಯಲ್ಲಿ 405ರ ನೀಲಿನೇರಳೆಗೆ. ಸುತ್ತುಗಳ ನಡುವಿನ ಅಂತರ 1.6ರಿಂದ 0.32 ಮೈಕ್ರೋಮೀಟರಿಗೆ ಕುಗ್ಗಿ 25 ಗಿಗಾಬೈಟ್ ಹಿಡಿಯಿತು. ಆದರೆ ಅಷ್ಟು ಮೊನಚಾದ ಬೆಳಕು ದಪ್ಪ ಪ್ಲಾಸ್ಟಿಕ್ಕಿನೊಳಗೆ ತಟ್ಟೆ ಕೊಂಚ ವಾಲಿದರೂ ಕದಡುತ್ತದೆ. ಹಾಗಾಗಿ ಗುಳಿಗಳನ್ನು ಮೇಲ್ಮೈಗೆ 0.1 ಮಿಲಿಮೀಟರಿನಷ್ಟು ಹತ್ತಿರ ತರಬೇಕಾಯಿತು. ಕನ್ನಡಕದ ಧೂಳಿನ ಉಪಾಯ ಹೆಚ್ಚುಕಡಿಮೆ ಕೈಬಿಟ್ಟಿತು. 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಬ್ಲೂ-ರೇ ತಟ್ಟೆಗಳನ್ನು ಡಬ್ಬಿಯೊಳಗೇ ಇಟ್ಟು ಮಾರುತ್ತಿದ್ದದ್ದು ಈ ಭಯದಿಂದ. ಆಮೇಲೆ ಗಟ್ಟಿ ಲೇಪ ಬಂತು, ಡಬ್ಬಿ ಹೋಯಿತು. ಲೆಕ್ಕವನ್ನು ಮಾತ್ರ ಯಾರೂ ಕೈಬಿಡಲಿಲ್ಲ, ಹಿಗ್ಗಿಸಿದರು. ಅಲ್ಲಿ 216 ಸಂಖ್ಯೆಗಳ ಕುಟುಂಬಕ್ಕೆ 32 ಕಾವಲುಗಾರರು. ಪ್ಲಾಸ್ಟಿಕ್ ತೆಳುವಾಯಿತು, ಬೆಳಕು ಬದಲಾಯಿತು, ರೀಡ್-ಸಾಲೊಮನ್ ಲೆಕ್ಕ ಉಳಿಯಿತು. ತಟ್ಟೆಯೇ ಮೂಲೆ ಸೇರಿದ ಮೇಲೂ ಅದು ಹೋಗಲಿಲ್ಲ. ತರಕಾರಿ ಗಾಡಿಯ ಮೇಲೆ ಅಂಟಿಸಿದ ಕ್ಯೂಆರ್ ಚೌಕ ಮೂಲೆ ಹರಿದು, ಮಳೆಗೆ ಮಾಸಿದ್ದರೂ ಫೋನಿಗೆ ಓದಲು ಬರುವುದು ಇದೇ ಲೆಕ್ಕದಿಂದ. ಅದರ ಅತ್ಯಂತ ಬಿಗಿಯಾದ ಮಾದರಿಯಲ್ಲಿ ಸುಮಾರು ನೂರಕ್ಕೆ 30 ಭಾಗ ಕೆಟ್ಟರೂ ನಡೆಯುತ್ತದೆ.

ಚೆನ್ನಾಗಿ ಹಾಡುವುದು ಆರೋಗ್ಯದ ಗುರುತಲ್ಲ

ಈ ಲೆಕ್ಕಕ್ಕೆ ಒಂದು ಕೆಟ್ಟ ಬದಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗ್ರಾಮಫೋನ್ ತಟ್ಟೆ ಸವೆಯುತ್ತ ಬಂದಂತೆ ಕರಕರ ಎಂದು ಮೊದಲೇ ಎಚ್ಚರಿಸುತ್ತದೆ. ಸಿಡಿ ಎಚ್ಚರಿಸುವುದಿಲ್ಲ. ತಪ್ಪುಗಳು ಹೆಚ್ಚುತ್ತಲೇ ಹೋಗುತ್ತವೆ, ಕಾವಲು ಎಲ್ಲವನ್ನೂ ತಿದ್ದುತ್ತಲೇ ಇರುತ್ತದೆ, ಕಿವಿಗೆ ಕೇಳುವುದು ಮೊದಲ ದಿನದ ದನಿಯೇ. ಕಾವಲೂ ಊಹೆಯ ತೇಪೆಯೂ ಸಾಲದಾದ ದಿನ ಬಂಡೆಯ ಅಂಚಿನಿಂದ ಬಿದ್ದಂತೆ ಒಮ್ಮೆಗೇ ಬೀಳುತ್ತದೆ. ಅಚ್ಚೊತ್ತಿದ ಸಿಡಿಗಿಂತ, ಮನೆಯಲ್ಲೋ ಸ್ಟುಡಿಯೋದಲ್ಲೋ ಕಂಪ್ಯೂಟರಿನಿಂದ ಬರೆದ ಸಿಡಿಗೆ ಈ ಅಪಾಯ ಹೆಚ್ಚು. ಅದರಲ್ಲಿ ಗುಳಿಗಳೇ ಇಲ್ಲ. ಒಂದು ಬಣ್ಣದ ಪದರವಿದೆ, ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುಳಿಯಂತೆ ಕಾಣುವ ಗುರುತು ಮಾಡಿರುತ್ತದೆ. ಆ ಬಣ್ಣ ಬಿಸಿಲಿಗೆ, ಸೆಕೆಗೆ ನಿಧಾನವಾಗಿ ಮಾಸುತ್ತದೆ.

ನಮ್ಮಲ್ಲಿ 2000ದ ಆಸುಪಾಸಿನ ಹತ್ತು ಹದಿನೈದು ವರ್ಷಗಳ ಮದುವೆಗಳು, ತಾಳಮದ್ದಲೆಗಳು, ಹರಿಕಥೆಗಳು, ತೀರಿಕೊಂಡ ಹಿರಿಯರ ದನಿಗಳು ಇಂಥ ಬರೆದ ತಟ್ಟೆಗಳಲ್ಲೇ ಉಳಿದಿವೆ. ಬೇರೆಲ್ಲೂ ನಕಲಿಲ್ಲದವೂ ಇರುತ್ತವೆ. ನಿಮ್ಮ ಬೀರುವಿನಲ್ಲಿ ಅಂಥದೊಂದು ಇದ್ದರೆ, ಅದು ಈಗ ಚೆನ್ನಾಗಿ ಹಾಡುತ್ತಿದೆ ಎಂದು ಸುಮ್ಮನಿರಬೇಡಿ. ಈ ವಾರವೇ ಕಂಪ್ಯೂಟರಿಗೆ ಇಳಿಸಿ ಎರಡು ಬೇರೆ ಕಡೆ ನಕಲು ಇಡಿ. ತಟ್ಟೆಯ ಮೇಲೆ ಹೆಸರು ಬರೆಯಲೇಬೇಕಿದ್ದರೆ ಬಾಲ್‌ಪೆನ್ ಬೇಡ. ನಡುವಿನ ತೂತಿನ ಸುತ್ತ ಲೇಪವಿಲ್ಲದ ಪಾರದರ್ಶಕ ಉಂಗುರವೊಂದಿದೆ, ಮೆತ್ತನೆ ಮೊನೆಯ ಮಾರ್ಕರಿನಲ್ಲಿ ಅದರ ಮೇಲೆ ಬರೆಯಿರಿ. ಅಲ್ಲಿ ಓದಬೇಕಾದ ಗುರುತುಗಳೇನೂ ಇಲ್ಲ.